ಕೋಳಿಗೂಡಿನ ಗೋಡೆಗಂಟಿದ ಕ್ಯಾರವಾನ್

ಮನೆ ಸುಟ್ಟುಹೋದವರಿಗೆ ಮೊದಲು ಬರುವುದು ಕಂಬಳಿ, ಆಮೇಲೆ ಬರುವುದು ಬುದ್ಧಿಮಾತು. ಎರಡೂ ಬೇಕಾದಷ್ಟು ಬಂದು ಮುಗಿದ ಮೇಲೆ ರೋವೀನಾಗೆ ಬಂದದ್ದು ಒಂದು ಕ್ಯಾರವಾನ್. ಪಕ್ಕದ ಜಮೀನಿನ ಮುದುಕ ಕ್ಲೆಮ್ ಅದನ್ನು ತನ್ನ ಕೋಳಿಗೂಡಿನ ಮಗ್ಗುಲಿನಿಂದ ಟ್ರ್ಯಾಕ್ಟರಿಗೆ ಕಟ್ಟಿ ಎಳೆದು ತಂದ. ಸುಟ್ಟ ಮನೆಯಲ್ಲಿ ಉಳಿದದ್ದು ಇಟ್ಟಿಗೆಯ ಚಿಮಣಿ ಒಂದೇ. ಅದರ ಪಕ್ಕ ನಿಲ್ಲಿಸಿದ.

"ತಗೋ ಹುಡುಗಿ. ನನ್ನ ಮದುವೆಗಿಂತ ಹಳೇದು. ಆದ್ರೆ ಮದುವೆಗಿಂತ ಚೆನ್ನಾಗಿ ಬಾಳಿಕೆ ಬಂದಿದೆ."

ಬಾಳಿಕೆ ಬಂದಿದ್ದು ಹೊರಗಿನ ಕೆನೆಬಣ್ಣ ಮಾತ್ರ. ಮರದ ಪಕ್ಕೆಗಳಿಗೆ ತೆಳು ಪ್ಲೈವುಡ್ ಹೊದಿಸಿ, ಮೇಲೆ ಕ್ಯಾನ್ವಾಸ್ ಎಳೆದು ಬಣ್ಣ ಬಳಿದು ಮಾಡಿದ ಆ ಕಾಲದ ಗಾಲಿಮನೆ ಅದು. ಮುಂದೆ ದುಂಡನೆಯ ಮೂತಿ, ಹಿಂದೆ ಇಳಿಜಾರಾದ ಬಾಲ, ಕಾವಿಗೆ ಕೂತ ಕೋಳಿಯ ಹಾಗೆ. ಬೆರಳಿನಿಂದ ಒತ್ತಿದರೆ ಗೋಡೆ ನೆನೆದ ಬ್ರೆಡ್ಡಿನಂತೆ ಒಳಗೆ ಹೋಗುತ್ತಿತ್ತು. ಆದರೂ ರೋವೀನಾ ಅದರ ಸುತ್ತ ಒಂದು ಸುತ್ತು ಬಂದು, ಒಳಗೆ ಕಿಟಕಿಯ ಕೆಳಗೆ ಒಂದು ಪುಟ್ಟ ಹಾಸಿಗೆಯ ಜಾಗ ಇರುವುದನ್ನು ನೋಡಿ, ಅಲ್ಲೇ ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟಿದ್ದಳು.

ಅವಳಿಗೆ ಬೇಕಾಗಿದ್ದದ್ದು ಅಷ್ಟೇ, ಒಣಗಿದ ಒಂದು ಹಾಸಿಗೆ. ಬೇಸಿಗೆಯಲ್ಲಿ ಕಾಡ್ಗಿಚ್ಚು ಬಂದು ಹೋದ ಮೇಲೆ ಎಂಟು ವರ್ಷದ ಮಗಳು ಮಿಲ್ಕಾಳ ಎದೆಯಲ್ಲಿ ಹೊಗೆ ಉಳಿದುಬಿಟ್ಟಿತು. ರೋವೀನಾ ಉಳಿದುಕೊಂಡಿದ್ದ ತಗಡಿನ ಶೆಡ್ಡಿನಲ್ಲಿ ಮಲಗಿದರೆ ಕೆಮ್ಮು ನಿಲ್ಲುತ್ತಿರಲಿಲ್ಲ. ಮಗುವಿನ ಅಪ್ಪ ಯಾವಾಗಲೋ ಪಶ್ಚಿಮದ ಗಣಿ ಸೇರಿ ಹೊಸ ಸಂಸಾರ ಹೂಡಿದ್ದ. ಅವನ ತಾಯಿ ವೆಸ್ನಾ ದೂರದ ಡಾಂಡೆನಾಂಗ್ ಪಟ್ಟಣದಿಂದ ಬಂದು ಮೊಮ್ಮಗಳನ್ನು ಕರೆದುಕೊಂಡು ಹೋದಳು. ಹೋಗುವಾಗ ಒಂದೇ ಮಾತು ಹೇಳಿದ್ದಳು: "ಚಳಿಗಾಲದ ರಜೆ ಮುಗಿಯೋ ದಿನ ಕರ್ಕೊಂಡು ಬರ್ತೀನಿ. ಒಣಗಿದ ಹಾಸಿಗೆ ತೋರಿಸು, ಮಗು ನಿಂದು. ಇಲ್ಲಾಂದ್ರೆ ನಮ್ಮ ಬೀದಿ ಶಾಲೆಗೆ ಸೇರಿಸ್ತೀನಿ."

ವೆಸ್ನಾ ಕೆಟ್ಟವಳಲ್ಲ. ಹಡಗು ಹತ್ತಿ ಈ ದೇಶಕ್ಕೆ ಬಂದ ಮೊದಲ ಚಳಿಗಾಲದಲ್ಲಿ, ವಲಸಿಗರ ಶಿಬಿರದ ತಗಡಿನ ಗುಡಿಸಲಲ್ಲಿ, ಅವಳ ಪುಟ್ಟ ತಮ್ಮ ಕೆಮ್ಮಿ ಕೆಮ್ಮಿ ತೀರಿಹೋಗಿದ್ದ. ಅದನ್ನು ಬಲ್ಲ ರೋವೀನಾಗೆ ಜಗಳವಾಡಲೂ ಬಾಯಿ ಬರಲಿಲ್ಲ. ಬೇರೆ ಶಾಲೆಗೆ ಸೇರಿದ ಮಗು ಹೇಗೆ ಒಂದೊಂದೇ ಗೆಳತಿಯನ್ನು ಮಾಡಿಕೊಂಡು, ಒಂದೊಂದೇ ಬೀದಿ ಕಲಿತು, ಕೊನೆಗೆ ಅಲ್ಲಿಯದೇ ಆಗಿಬಿಡುತ್ತದೆ ಎಂಬುದೂ ಅವಳಿಗೆ ಗೊತ್ತಿತ್ತು.

ಆತುರಕ್ಕೆ ಕಣ್ಣಿಲ್ಲ. ಮೊದಲ ವಾರವೇ ಅವಳು ಕೊಳೆತ ಗೋಡೆ ರಿಪೇರಿಗೆಂದು ಒಳಗಿನ ಬೀರುಗಳನ್ನೆಲ್ಲ ಕಿತ್ತು ಹೊರಗಿಟ್ಟಳು. ಮರುದಿನ ಬೆಳಿಗ್ಗೆ ನೋಡಿದರೆ ಕ್ಯಾರವಾನ್ ಕುಡಿದವನ ಹಾಗೆ ಒಂದು ಪಕ್ಕಕ್ಕೆ ವಾಲಿಕೊಂಡು, ಬಾಗಿಲು ಚೌಕಟ್ಟಿಗೆ ಕೂರದೆ ನೇತಾಡುತ್ತಿತ್ತು.

ಕ್ಲೆಮ್ ಬಂದು ತಲೆ ಮೇಲೆ ಕೈ ಇಟ್ಟುಕೊಂಡ. "ಬೀರು ತೆಗೆದ್ಯಾ? ಅಯ್ಯೋ ಮಾರಾಯ್ತಿ! ಈ ಹಳೇ ಗಾಡೀಲಿ ಗೋಡೆ ಬೀರೂನ ಹಿಡಿದಿರಲ್ಲ, ಬೀರೇ ಗೋಡೇನ ಹಿಡಿದಿರುತ್ತೆ!"

"ಮೊದ್ಲೇ ಹೇಳೋಕೆ ಏನಾಗಿತ್ತು?"

"ನೀನು ಕೇಳಿದ್ಯಾ? ಬೆಂಕಿ ಬಿದ್ದೋಳ ಹಾಗೆ ಕಿತ್ತು ಹಾಕ್ತಿದ್ದೆ." ಅಂದವನು ನಾಲಿಗೆ ಕಚ್ಚಿಕೊಂಡ.

ವಾಲಿದ ಭಾರಕ್ಕೆ ಎರಡೂ ಪಕ್ಕದ ಕೊಳೆತ ಪಕ್ಕೆಗಳು ಮುರಿದಿದ್ದವು. ಪೂರ್ತಿ ಬಿಚ್ಚದೆ ದಾರಿಯಿರಲಿಲ್ಲ. ರೋವೀನಾ ಈ ಸಲ ನಿಧಾನವಾಗಿ ಬಿಚ್ಚಿದಳು. ಮೂತಿಯ ತುಂಡುಗಳನ್ನು, ಬಾಲದ ತುಂಡುಗಳನ್ನು, ಪುಡಿಯಾಗುವ ಪ್ಲೈವುಡ್ಡಿನ ಅಂಚುಗಳನ್ನು ದಾರದಲ್ಲಿ ಕಟ್ಟಿ, ಸೀಮೆಸುಣ್ಣದಲ್ಲಿ ಗುರುತು ಮಾಡಿ, ಬೇಲಿಯ ಬಳಿ ರಾಶಿ ಇಟ್ಟಳು. ಆ ಕೊಳೆತ ಮರವೇ ಈಗ ಅಚ್ಚು. ಅದನ್ನು ಹೊಸ ಮರದ ಮೇಲಿಟ್ಟು ಗೀಚಿ ಕೊಯ್ದರೆ ಹಳೆಯ ಬಾಗು ಹಾಗೇ ಹೊಸದಕ್ಕೆ ಇಳಿಯುತ್ತದೆ. ನೆಲದ ಹಲಗೆ, ಗಾಲಿ, ನೆಟ್ಟಗೆ ನಿಂತ ಬೀರುಗಳು ಉಳಿದಿದ್ದವು ನಿಜ, ಆದರೆ ಅವುಗಳಿಗೆ ಮೂತಿಯ ದುಂಡು ಏನು ಗೊತ್ತು?

ಪ್ಲೈವುಡ್, ಅಂಟು ತರಲು ಅವಳು ಬೇರ್ನ್ಸ್‌ಡೇಲ್ ಪೇಟೆಗೆ ಹೋಗಿ ಹಿಂದಿರುಗುವಾಗ ತಿರುವಿನಲ್ಲೇ ಹೊಗೆ ಕಂಡಿತು. ಬೇಲಿಯ ಬಳಿ ಕ್ಲೆಮ್ ಕೈಕುಂಟೆ ಹಿಡಿದು, ಒಂದು ಬಕೆಟ್ ನೀರು ಪಕ್ಕದಲ್ಲಿಟ್ಟುಕೊಂಡು, ಬೆಂಕಿಯನ್ನು ಒಪ್ಪವಾಗಿ ಕೂಡಿಸುತ್ತಿದ್ದ.

"ಏನ್ ಸುಡ್ತಿದೀರಿ ಕ್ಲೆಮ್? ಏನದು?"

"ನಿನ್ನ ಕಸ. ಥ್ಯಾಂಕ್ಸ್ ಗೀಂಕ್ಸ್ ಬೇಡ, ಒಂದು ಕಪ್ ಟೀ ಕೊಡು ಸಾಕು."

ರೋವೀನಾ ಓಡಿ ಹೋಗಿ ಬೆಂಕಿಯೊಳಗೆ ಕೈ ಹಾಕಿದಳು. ಒಂದು ಪಕ್ಕೆ ಕೈಗೆ ಸಿಕ್ಕಿತು, ಸಿಕ್ಕಿದ್ದು ಹಪ್ಪಳದ ಹಾಗೆ ಪುಡಿಯಾಯಿತು.

"ಕಸ ಅಲ್ಲ ಕಣೋ ಮುದುಕಾ! ಅಚ್ಚು ಅದು! ನನ್ನ ಮಗಳನ್ನ ಸುಟ್ಟುಬಿಟ್ಯಲ್ಲೋ!"

ಕ್ಲೆಮ್ ಕುಂಟೆ ಹಿಡಿದಲ್ಲೇ ಕಲ್ಲಾದ. ಆ ಸೀಮೆಯಲ್ಲಿ ಚಳಿಗಾಲ ಬಂದರೆ ಮನೆ ಸುತ್ತಲಿನ ಪುಳ್ಳೆ, ತೊಗಟೆ, ಒಣಮರ ಗುಡಿಸಿ ಸುಡುವುದು ಪದ್ಧತಿ. ಬೇಸಿಗೆಯ ಕಿಡಿಗೆ ತಿನ್ನಲು ಏನೂ ಸಿಗಬಾರದು. ಒಬ್ಬರ ರಾಶಿಯನ್ನು ಇನ್ನೊಬ್ಬರು ಸುಟ್ಟುಕೊಡುವುದು, ಬೇರೆ ಊರಲ್ಲಿ ಕಾಯಿಲೆಯವರಿಗೆ ಗಂಜಿ ಕೊಟ್ಟು ಬರುವ ಹಾಗೆ.

"ಹೋದ ಬೇಸಿಗೆ ನಿನ್ನ ವರಾಂಡದ ಪಕ್ಕ ಸೌದೆ ಇತ್ತು," ಅವನ ದನಿ ತೆಳ್ಳಗಾಗಿತ್ತು. "ತೆಗಿ ಹುಡುಗಿ ಅಂತ ಹೇಳಿ ಸುಮ್ಮನಾದೆ. ಕಿಡಿ ಅಲ್ಲೇ ಬಿತ್ತು. ಈ ಸಲ ಹೇಳೋದು ಬೇಡ, ನಾನೇ ಮಾಡೇಬಿಡೋಣ ಅಂತ..."

ಅವನು ಬಕೆಟ್ ನೀರನ್ನು ಬೆಂಕಿಗೆ ಸುರಿದು, ಖಾಲಿ ಬಕೆಟ್ ಅಲ್ಲೇ ಬಿಟ್ಟು ಹೋದ.

ಆಮೇಲಿನ ದಿನಗಳನ್ನು ದಿನ ಅನ್ನುವುದಕ್ಕಿಂತ ಒಂದೇ ಉದ್ದದ ಮಳೆ ಅನ್ನಬೇಕು. ಸುಟ್ಟ ನೀಲಗಿರಿ ಮರಗಳು ಕರಿ ಕಾಂಡದ ತುಂಬ ಹಸಿರು ಕೂದಲು ಬಿಟ್ಟುಕೊಂಡು, ಅರ್ಧ ಸತ್ತು ಅರ್ಧ ಹುಟ್ಟಿದ ರಾಕ್ಷಸರ ಹಾಗೆ ನಿಂತು ನೋಡುತ್ತಿದ್ದವು. ರೋವೀನಾ ನೀರಿನ ಪೈಪನ್ನು ಬಾಗಿಸಿ ನೆನಪಿನಿಂದ ಮೂತಿ ಗೀಚಿದಳು. ಕೊಯ್ದು ನಿಲ್ಲಿಸಿದರೆ ಹಂದಿಯ ಮೂತಿಯಾಯಿತು. ಇನ್ನೊಂದು ಸಲ ಗೀಚಿದಳು. ಹೊದಿಸಲು ಹೋದ ಪ್ಲೈವುಡ್ ಬಾಗಿನ ಮಧ್ಯೆ ಟಪ್ಪೆಂದು ಸೀಳಿತು. ಕಣ್ಣು ಮುಚ್ಚಿದರೆ ಆ ಬಾಗು ಸ್ಪಷ್ಟವಾಗಿ ಬರುತ್ತಿತ್ತು, ಕಣ್ಣು ಬಿಟ್ಟು ಪೆನ್ಸಿಲ್ ಹಿಡಿದರೆ ಮಾಯಾಜಿಂಕೆಯ ಹಾಗೆ ಓಡಿಹೋಗುತ್ತಿತ್ತು. ಪ್ರತಿ ಬೆಳಿಗ್ಗೆ ಬೇಲಿಯ ಕಂಬದ ಮೇಲೆ ಒಂದು ಬಟ್ಟಲು ಮೊಟ್ಟೆ ಇರುತ್ತಿತ್ತು, ಕ್ಲೆಮ್ ಮಾತ್ರ ಇರುತ್ತಿರಲಿಲ್ಲ.

ಸಂಜೆ ಮಗಳ ಫೋನು.

"ಅಮ್ಮಾ, ಯೂನಿಫಾರ್ಮ್ ಬಂತು. ಹಸಿರು ಸ್ವೆಟರ್. ಬಾಬಾ ಹಾಕ್ಕೊಂಡು ತೋರ್ಸು ಅಂದ್ರು. ನಾನು ಹಾಕ್ಕೊಳ್ಲಿಲ್ಲ." ಬಾಬಾ ಎಂದರೆ ವೆಸ್ನಾಳ ಭಾಷೆಯಲ್ಲಿ ಅಜ್ಜಿ.

"ಯಾಕೆ ಪುಟ್ಟಾ?"

"ಹಾಕ್ಕೊಂಡ್ರೆ ನಿಜ ಆಗ್ಬಿಡುತ್ತೆ."

ಫೋನು ವೆಸ್ನಾಳ ಕೈಗೆ ಹೋಯಿತು. "ಸೂರು ಆಯ್ತಾ?"

"ಆಗ್ತಾ ಇದೆ."

"ಆಗ್ತಾ ಇದೆ ಅನ್ನೋದರ ಕೆಳಗೆ ಮಗು ಮಲಗೋಕಾಗಲ್ಲ ರೋವೀನಾ."

ಮರುದಿನ ಮಳೆ ಬಿಟ್ಟಾಗ ಅವಳು ಕ್ಲೆಮ್‌ನ ಹಿತ್ತಿಲಿಗೆ ನಡೆದಳು. ಗಾಲಿ, ಬೀರು, ಏನಿದೆಯೋ ಅದನ್ನು ವಾಪಸು ಎಳೆದುಕೊಂಡು ಹೋಗಿ ಅನ್ನುವುದಕ್ಕೆ. ಕಣ್ಣೆದುರು ಅದಿರುವವರೆಗೂ ಕೈ ಸುಮ್ಮನಿರುವುದಿಲ್ಲ, ಕೈ ಸುಮ್ಮನಿರದಿದ್ದರೆ ಆಸೆ ಸಾಯುವುದಿಲ್ಲ. ಆಸೆಯನ್ನಾದರೂ ಸಾಯಿಸಿ ಮಲಗೋಣ ಅನಿಸಿತ್ತು.

ಕ್ಲೆಮ್ ಕೋಳಿಗಳಿಗೆ ಗೋಧಿ ಎರಚುತ್ತಿದ್ದ. ಅವಳನ್ನು ಕಂಡು ಟೋಪಿ ತೆಗೆದ, ಸಾವಿನ ಮನೆಗೆ ಬಂದವರ ಹಾಗೆ.

"ಟ್ರ್ಯಾಕ್ಟರ್ ತಗೊಂಡು ಬನ್ನಿ," ಎಂದಳು. "ನನ್ನ ಕೈಲಾಗಲ್ಲ."

"ರೋ..."

"ಏನೂ ಹೇಳ್ಬೇಡಿ. ಮೊಟ್ಟೆನೂ ಇಡ್ಬೇಡಿ. ತಿಂದು ತಿಂದು ಸಾಕಾಗಿದೆ."

ಮಗುಚಿದ್ದ ಬಕೆಟ್ಟಿನ ಮೇಲೆ ಕೂತುಬಿಟ್ಟಳು. ಎದುರಿಗೆ ಕೋಳಿಗೂಡಿನ ಉದ್ದದ ಹಲಗೆ ಗೋಡೆ. ಎಂದೋ ಕೆಂಪು ಬಳಿದದ್ದು, ಬಿಸಿಲಿಗೆ ಬಿಳಿಚಿ, ಮುಟ್ಟಿದರೆ ಕೈಗೆ ಹತ್ತುವ ಹುಡಿಯಾಗಿತ್ತು. ಮಳೆಗೆ ನೆಂದು ಆ ಬಿಳಿಚು ಇನ್ನೂ ಮಸುಕಾಗಿ ಕಾಣುತ್ತಿತ್ತು. ಆದರೆ ಗೋಡೆಯ ಒಂದು ತುದಿಯಲ್ಲಿ ಬಣ್ಣ ದಾಳಿಂಬೆಯ ಹಾಗೆ ಕೆಂಪಗೇ ಇತ್ತು. ಆ ಕೆಂಪು ನೆಲದಿಂದ ಎದ್ದು, ದುಂಡಗೆ ಹೊರಳಿ, ನೆತ್ತಿಯ ಮೇಲೆ ನೀಳವಾಗಿ ಮಲಗಿ...

ರೋವೀನಾ ಎದ್ದು ನಿಂತಳು. ಬಕೆಟ್ ಉರುಳಿತು, ಕೋಳಿಗಳು ಚೆಲ್ಲಾಪಿಲ್ಲಿಯಾದವು.

"ಕ್ಲೆಮ್. ಗೋಡೆ ನೋಡಿ."

"ಗೊತ್ತು, ಬಣ್ಣ ಹೋಗಿದೆ. ನನ್ನ ಹೆಂಡ್ತಿ ಇದ್ದಾಗ್ಲೂ ಅದನ್ನೇ ಹೇಳ್ತಿದ್ಲು."

"ಅಲ್ಲ! ಹೋಗದೇ ಇರೋದನ್ನ ನೋಡಿ!"

ಅಷ್ಟು ವರ್ಷ ಗೋಡೆಗೆ ಒತ್ತಿಕೊಂಡು ನಿಂತಿದ್ದ ಕ್ಯಾರವಾನ್ ತನ್ನ ಮೈಯಗಲದ ಗೋಡೆಯನ್ನು ಬಿಸಿಲಿಗೆ ಬಿಟ್ಟುಕೊಟ್ಟಿರಲಿಲ್ಲ. ಗಾಡಿ ಹೋಗಿತ್ತು, ಅದರ ನೆರಳು ಹೋಗಿರಲಿಲ್ಲ. ಮೂತಿಯ ಬಾಗು, ನೆತ್ತಿಯ ಏರು, ಎಲ್ಲ ಅಲ್ಲೇ, ಆಳುದ್ದಕ್ಕೆ. ಕ್ಲೆಮ್ ಬಹಳ ಹೊತ್ತು ನೋಡಿದ. ಆಮೇಲೆ ಒಳಗೆ ಹೋಗಿ ಕೋಳಿ ಮೇವಿನ ಖಾಲಿ ಚೀಲಗಳ ಕಟ್ಟು ತಂದ. ಇಬ್ಬರೂ ಚೀಲ ಸೀಳಿ, ಒಂದಕ್ಕೊಂದು ಹೊಲಿದು, ಗೋಡೆಗೆ ಮೊಳೆ ಹೊಡೆದು ತೂಗುಹಾಕಿದರು. ರೋವೀನಾ ನೀಲಿ ಸೀಮೆಸುಣ್ಣದಲ್ಲಿ, ಚೀಲದ ಜಾಳು ನೇಯ್ಗೆಯೊಳಗಿಂದ ಕಾಣುವ ಆ ಅಂಚನ್ನು ಹಿಂಬಾಲಿಸಿದಳು, ಮಲಗಿದ ಮಗುವಿನ ಕೆನ್ನೆ ಸವರುವಷ್ಟು ಮೆಲ್ಲಗೆ.

ಒಂದೇ ಕೊರತೆ. ಗಾಡಿ ಮುಗಿಯುವ ಮೊದಲೇ ಗೋಡೆ ಮುಗಿದಿತ್ತು. ಬಾಲದ ಕೊನೆಯ ಇಳಿಜಾರು ಗೋಡೆಯಾಚೆ ಬಯಲಿಗೆ ಚಾಚಿಕೊಂಡಿದ್ದರಿಂದ ಅದರ ಗುರುತು ಬಿದ್ದಿರಲಿಲ್ಲ.

"ಅಷ್ಟನ್ನ ಅಂದಾಜಿಗೆ ಗೀಚು," ಎಂದ ಕ್ಲೆಮ್. "ಬಾಲ ತಾನೆ, ಯಾರು ನೋಡ್ತಾರೆ?"

ಅಲ್ಲಿಂದಾಚೆಗೆ ಊಟವನ್ನು ನಿಂತೇ ಮಾಡಿದರು. ಕ್ಲೆಮ್ ಪಕ್ಕೆಗಳನ್ನು ಕೊಯ್ದ, ರೋವೀನಾ ಕೂಡಿಸಿದಳು. ಮೊದಲು ಬೀರುಗಳನ್ನು ಅವುಗಳ ಜಾಗದಲ್ಲಿ ನಿಲ್ಲಿಸಿ, ಅವುಗಳಿಗೆ ಗೋಡೆಯನ್ನು ಒರಗಿಸಿದರು. ಬಿಸಿನೀರಲ್ಲಿ ನೆನೆಸಿದ ಟವೆಲು ಹೊದಿಸಿ ಹದಮಾಡಿದ ಪ್ಲೈವುಡ್ ಮೂತಿಯ ಮೇಲೆ ನಿಟ್ಟುಸಿರು ಬಿಟ್ಟ ಹಾಗೆ ಬಾಗಿ ಕೂತಿತು. ಬಾಲದ ಬಳಿ ಮಾತ್ರ ಹಲಗೆ ಮುನಿಸಿಕೊಂಡೇ ಇತ್ತು. ಅಲ್ಲಿ ರೋವೀನಾ ಅಂಟು ತುಂಬಿ, ಮೊಳೆ ಬಿಗಿದು, ಕ್ಯಾನ್ವಾಸ್ ಎಳೆದು, ಮೇಲೆ ಎರಡೆರಡು ಸಲ ಬಣ್ಣ ಬಳಿದಳು. ರಾತ್ರಿ ಅವಳ ಕನಸಿನಲ್ಲಿ ಗೋಡೆಯ ಕೆಂಪು ಕೋಳಿ ಎದ್ದು ನಡೆದು ಹೋಗುತ್ತಿತ್ತು, ಅವಳು ಹಿಂದೆ ಓಡುತ್ತಿದ್ದಳು.

ವೆಸ್ನಾ ಬಂದ ದಿನ ಆಕಾಶ ತೂತಾಗಿತ್ತು. ಕಾರಿನಿಂದ ಮಿಲ್ಕಾ ಇಳಿದು ಅಮ್ಮನ ಹೊಟ್ಟೆಗೆ ಮುಖ ಒತ್ತಿದಳು. ವೆಸ್ನಾ ಒಂದು ಕೈಯಲ್ಲಿ ಎಲೆಕೋಸಿನ ಸುರುಳಿಯ ಪಾತ್ರೆ, ಇನ್ನೊಂದು ಕೈಯಲ್ಲಿ ಹಸಿರು ಸ್ವೆಟರಿನ ಚೀಲ ಹಿಡಿದು ಇಳಿದಳು.

"ಇದೇನಾ?" ಎಂದಳು.

"ಇದೇ," ಎಂದ ಕ್ಲೆಮ್. "ನನ್ನ ಮದುವೆಗಿಂತ—"

"ನಿಮ್ಮ ಮದುವೆ ಯಾರು ಕೇಳಿದ್ರು?"

ಒಳಗೆ ಹೋಗಿ ಅಂಗೈಯನ್ನು ಗೋಡೆಯ ಉದ್ದಕ್ಕೂ, ಮೂಲೆ ಮೂಲೆಗೂ ಆಡಿಸಿದಳು. ಬೀರುಗಳಿಗೆ ಬಾಗಿಲಿರಲಿಲ್ಲ, ಒಲೆ ಇರಲಿಲ್ಲ. ಕಿಟಕಿಯ ಕೆಳಗಿನ ಹಾಸಿಗೆಯ ಮೇಲೆ ಕೂತು ಹೊದಿಕೆಯನ್ನು ಮೂಗಿಗೆ ಹಿಡಿದು ನೋಡಿದಳು. ರೋವೀನಾ ಬಾಗಿಲಲ್ಲಿ ಮಳೆಗೆ ಬೆನ್ನು ಕೊಟ್ಟು ನಿಂತಿದ್ದಳು.

"ಈಗ ಒಣಗಿದೆ," ಎಂದಳು ವೆಸ್ನಾ ಕೊನೆಗೆ. "ಹಗಲು ಎಲ್ಲಾ ಒಣಗೇ ಇರುತ್ತೆ. ಇವತ್ತು ಇಲ್ಲಿ ನಾನು ಮಲಗ್ತೀನಿ. ನೀನು ಮಗೂನ ಶೆಡ್ಡಲ್ಲಿ ಮಲಗಿಸ್ಕೋ. ಬೆಳಿಗ್ಗೆ ಹೇಳ್ತೀನಿ."

ಆ ರಾತ್ರಿ ಮಳೆ ತಗಡನ್ನು ಜಜ್ಜಿತು, ಮಿಲ್ಕಾ ಕೆಮ್ಮಿದಳು, ರೋವೀನಾ ಬಾಲದ ಮುನಿದ ಹಲಗೆಯನ್ನೇ ನೆನೆಯುತ್ತ ಬೆಳಗು ಮಾಡಿದಳು.

ಬೆಳಿಗ್ಗೆ ಹೋಗಿ ಬಾಗಿಲು ತಟ್ಟಿದಾಗ ವೆಸ್ನಾ ತಲೆಗೂದಲು ಬಿಚ್ಚಿಕೊಂಡು, ಕೋಟು ತೊಟ್ಟು ತೆರೆದಳು.

"ಬಾಲದ ಹತ್ರ ಸೋರ್ತು."

ರೋವೀನಾ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಚೌಕಟ್ಟು ಮಾತ್ರ ಅಲುಗಲಿಲ್ಲ.

"ಅಲ್ಲಿ ತಪ್ಪು ಗೀಚಿದೀಯ."

"ಹೌದು. ಗೋಡೆ ಅಷ್ಟೇ ಇತ್ತು."

"ಗೋಡೆ ಗೀಡೆ ನಂಗೆ ಗೊತ್ತಿಲ್ಲ. ಶಿಬಿರದಲ್ಲಿ ನಮ್ಮಮ್ಮ ರಾತ್ರಿಯೆಲ್ಲಾ ಎದ್ದು ತೂತಿಗೆ ಬಟ್ಟೆ ತುರುಕ್ತಿದ್ಲು. ಅವಳ ಹತ್ರ ಸಾಕಷ್ಟು ಬಟ್ಟೆ ಇರ್ಲಿಲ್ಲ." ವೆಸ್ನಾ ಪಕ್ಕಕ್ಕೆ ಸರಿದಳು. "ನಾನೂ ಕೈಗೆ ಸಿಕ್ಕಿದ್ದು ತುರುಕಿದೆ. ಹಾಸಿಗೆ ಮುಟ್ಟಿ ನೋಡು."

ಹಾಸಿಗೆ ಒಣಗಿತ್ತು, ವೆಸ್ನಾ ಮಲಗಿದ್ದ ಬಿಸುಪು ಇನ್ನೂ ಇತ್ತು. ಬಾಲದ ಮೂಲೆಯ ಸಂದಿನಲ್ಲಿ ಹಸಿರು ಸ್ವೆಟರು, ತೋಳು ಮೊದಲ್ಗೊಂಡು ಕತ್ತಿನವರೆಗೆ ಗಿಡಿದು ತುಂಬಿತ್ತು. ಅಂಟು, ಬಣ್ಣ, ನೀರು ಎಲ್ಲವನ್ನೂ ಕುಡಿದು ಕಪ್ಪಾಗಿತ್ತು.

ಅಮ್ಮನ ತೋಳಿನಡಿಯಿಂದ ನುಸುಳಿ ಬಂದ ಮಿಲ್ಕಾ ಕಣ್ಣರಳಿಸಿದಳು. "ಬಾಬಾ! ಅದು ನನ್ನ ಯೂನಿಫಾರ್ಮ್!"

"ಆಗಿತ್ತು. ಈಗ ಅದನ್ನ ಯಾವ ಶಾಲೆಗೆ ಹಾಕ್ಕೊಂಡು ಹೋಗ್ತೀಯ?" ವೆಸ್ನಾ ಕೂದಲನ್ನು ಗಂಟು ಹಾಕುತ್ತ ಗದರಿದಳು. "ಇಲ್ಲಿನ ಶಾಲೇದು ಯಾವ ಬಣ್ಣ?"

"ನೀಲಿ," ಎಂದಳು ಮಿಲ್ಕಾ ಉಸಿರು ಬಿಡದೆ.

ಅಷ್ಟರಲ್ಲಿ ಮೊಟ್ಟೆಯ ಬಟ್ಟಲು ಹಿಡಿದ ಕ್ಲೆಮ್ ಮೆಟ್ಟಿಲ ಮೇಲೆ ಹಾಜರಾದ. ಮೂಲೆ ನೋಡಿದ, ಮುಖ ಸಿಂಡರಿಸಿದ, ಕೈ ಚಾಚಿದ.

"ಇದೇನು ಚಿಂದಿ ನೇತಾಡ್ತಿದೆ? ಕಿತ್ತು ಬೆಂಕಿಗೆ ಹಾಕ್ಲಾ?"

"ಮುಟ್ಬೇಡಿ!" ಎಂದು ಮೂವರೂ ಒಟ್ಟಿಗೆ ಕೂಗಿದರು. ಮುದುಕ ಬೆಚ್ಚಿದ ರಭಸಕ್ಕೆ ಒಂದು ಮೊಟ್ಟೆ ಜಾರಿ, ಒಣಗಿದ ನೆಲದ ಮೇಲೆ ಬಿದ್ದು ಒಡೆಯಿತು.