ಒಂದು ಹೆಜ್ಜೆ ಮೊದಲೇ

ಪುಟ್ಟಲಕ್ಷ್ಮಿಗೆ ಕೊನೆಯ ಒಂದು ಹೆಜ್ಜೆ ಇರಲಿಲ್ಲ. ಉಳಿದದ್ದೆಲ್ಲ ಇತ್ತು. ಐದು ಅಡಿ ಹನ್ನೊಂದು ಅಂಗುಲ ಎತ್ತರ, ಗಟ್ಟಿ ಕೈ, ಎದುರಿಗೆ ನಿಂತವಳನ್ನು ಭುಜದಿಂದ ಸರಿಸಿ ಒಳಗೆ ನುಗ್ಗುವ ಧೈರ್ಯ. ನುಗ್ಗಿದ ಮೇಲೆ, ಯಾರೂ ತಡೆಯದಿದ್ದಾಗಲೂ, ಚೆಂಡನ್ನು ರಿಂಗಿನ ಮುಂದಂಚಿಗೆ ಹೊಡೆದು ವಾಪಸ್ ಬರುತ್ತಿದ್ದಳು.

ರಾಜಾಜಿನಗರದ ಒಂದು ಕಾಲೇಜು ಅವಳನ್ನು ಬಾಸ್ಕೆಟ್‌ಬಾಲ್ ಫಾರ್ವರ್ಡ್ ಎಂದು ಸ್ಪೋರ್ಟ್ಸ್ ಕೋಟಾದಲ್ಲಿ ಬಿ.ಕಾಂ.ಗೆ ಸೇರಿಸಿಕೊಂಡಿತ್ತು. ಫೀಸಿಲ್ಲ. ಆದರೆ ಪ್ರತಿ ವರ್ಷ ಸೀಟು ಮುಂದುವರಿಯಬೇಕಾದರೆ ಕೋಚ್ ಯೋಗಾನಂದ ಸಹಿ ಹಾಕಬೇಕು. ಎರಡನೇ ವರ್ಷದ ಆಗಸ್ಟಿನಲ್ಲಿ ಅವರು ಅವಳನ್ನು ಕರೆದು ನೋಟ್‌ಬುಕ್ ತೆರೆದರು.

"ರಿಂಗ್ ಕೆಳಗೆ ತೊಂಬತ್ತು ಸಲ ಬಾಲ್ ಸಿಕ್ಕಿದೆ ನಿಂಗೆ. ಹಾಕಿರೋದು ಇಪ್ಪತ್ತೊಂಬತ್ತು."

"ದಿನಾ ಬೆಳಿಗ್ಗೆ ಪ್ರಾಕ್ಟೀಸ್ ಮಾಡ್ತಿದೀನಿ ಸಾರ್. ನಮ್ ಏರಿಯಾ ಗ್ರೌಂಡಲ್ಲಿ. ಅಲ್ಲಿ ಎಲ್ಲಾ ಬೀಳುತ್ತೆ."

"ಅಲ್ಲಿ ಬೀಳುತ್ತಾ? ಸರಿ, ಯೂನಿವರ್ಸಿಟಿಯವ್ರಿಗೆ ಹೇಳಿ ಟೂರ್ನಮೆಂಟ್ ಅಲ್ಲೇ ಇಡ್ಸೋಣ."

ಇನ್ನು ಮೂರು ವಾರಕ್ಕೆ ಅಂತರ ಕಾಲೇಜು ಪಂದ್ಯ. ಹತ್ತಿರದಿಂದ ಸಿಕ್ಕಿದ್ದರಲ್ಲಿ ಅರ್ಧ ಹಾಕಿದರೆ ಸಹಿ, ಇಲ್ಲದಿದ್ದರೆ ಸೀಟು ಬೇರೆಯವರಿಗೆ ಎಂದರು. ಗದರಲಿಲ್ಲ. ಗದರಿದ್ದರೆ ಅವಳಿಗೆ ಸ್ವಲ್ಪ ಸಮಾಧಾನವಾಗುತ್ತಿತ್ತು.

ಮನೆಯಲ್ಲಿ ಹೇಳಿದಳು. ಅವಳ ತಾಯಿ ಮುನಿತಾಯಮ್ಮ ಗಾರ್ಮೆಂಟ್ಸ್‌ನಲ್ಲಿ ಕಾಲರ್ ಹೊಲಿಯುವವಳು.

"ನಮ್ ಲೈನಲ್ಲಿ ಹೆಲ್ಪರ್ ಕೆಲ್ಸ ಖಾಲಿ ಇದೆಯಂತೆ. ಕೇಳಿಟ್ಟಿರ್ಲಾ?" ಎಂದಳು.

ವ್ಯಂಗ್ಯವೇನೂ ಇರಲಿಲ್ಲ. ನಿಜವಾಗಿಯೂ ಖಾಲಿ ಇತ್ತು.

ಭಾನುವಾರ ಬೆಳಿಗ್ಗೆ ಯೋಗಾನಂದ ಆ ಗ್ರೌಂಡ್ ನೋಡಲು ಸ್ಕೂಟರಿನಲ್ಲಿ ಅವಳ ಏರಿಯಾ ಕಾಮಾಕ್ಷಿಪಾಳ್ಯಕ್ಕೆ ಬಂದರು. ವರ್ಕ್‌ಶಾಪುಗಳ ಹಿಂದಿನ ಗ್ರೌಂಡಿನಲ್ಲಿ ಒಂದೇ ಒಂದು ಕಂಬ. ಅದರ ಮೇಲೆ ತಗಡಿನ ಬೋರ್ಡು, ಕಬ್ಬಿಣದ ರಿಂಗು. ಕಂಬದ ಬುಡದಲ್ಲಿ ಹಳದಿ ಬಣ್ಣದಲ್ಲಿ ಬರೆದಿತ್ತು: 'ಕೊಡುಗೆ: ನಾಗರಾಜು, ವೆಲ್ಡಿಂಗ್ ವರ್ಕ್ಸ್'. ನಾಗರಾಜು ಪುಟ್ಟಲಕ್ಷ್ಮಿಯ ಅಪ್ಪ. ಎಂಟು ವರ್ಷದ ಹಿಂದೆ ಮಗಳಿಗೆಂದು ಆ ಕಂಬವನ್ನು ತಾವೇ ಮಾಡಿ ನಿಲ್ಲಿಸಿದ್ದರು.

ಒಂಬತ್ತು ಮಕ್ಕಳು ಆಡುತ್ತಿದ್ದರು. ಯೋಗಾನಂದ ಹತ್ತು ನಿಮಿಷ ಸುಮ್ಮನೆ ನೋಡಿದರು. ಒಬ್ಬೊಬ್ಬರಾಗಿ ಓಡಿ ಬಂದು, ಒಂಬತ್ತೂ ಮಕ್ಕಳು, ಹಾರಬೇಕಾದ್ದಕ್ಕಿಂತ ಒಂದು ಹೆಜ್ಜೆ ಮೊದಲೇ ಹಾರುತ್ತಿದ್ದರು. ಪುಟ್ಟಲಕ್ಷ್ಮಿಯ ಹಾಗೆಯೇ, ತಲೆಯನ್ನು ಸ್ವಲ್ಪ ಹಿಂದಕ್ಕೆ ಎಳೆದುಕೊಂಡು.

"ಇಡೀ ಏರಿಯಾಗೇ ಇದೆಯಲ್ಲಮ್ಮ ಈ ಕಾಯಿಲೆ," ಎಂದರು.

ಕಾರಣವನ್ನು ನಾಣಿ ಹೇಳಿದ. ಪುಟ್ಟಲಕ್ಷ್ಮಿಯ ಜೊತೆ ಆಡಿ ಬೆಳೆದ ನಾಣಿ ಈಗ ನಾಗರಾಜು ಅವರ ಹತ್ತಿರವೇ ವೆಲ್ಡಿಂಗ್ ಮಾಡುತ್ತಾನೆ. ಅವನು ತುಟಿ ಎತ್ತಿ ಕಟ್ಟಿಸಿದ ಹಲ್ಲು ತೋರಿಸಿದ.

"ಕಂಬ ಕರೆಕ್ಟಾಗಿ ರಿಂಗ್ ಹಿಂದೇನೇ ಇದೆ ಸಾರ್. ಏಳನೇ ಕ್ಲಾಸಲ್ಲಿ ಓಡ್ಕೊಂಡ್ ಹೋಗಿ ಡಿಕ್ಕಿ ಹೊಡ್ದೆ. ಅವತ್ತಿಂದ ಯಾರೂ ಹತ್ರ ಹೋಗಲ್ಲ. ನನ್ ಹಲ್ಲಿಂದ ಎಷ್ಟ್ ಜನ ಉಳ್ಕೊಂಡ್ರು ನೋಡಿ."

"ನಿನ್ ಹೆಸ್ರೂ ಬರೆಸ್ಬೇಕಿತ್ತು ಕಂಬದ್ ಮೇಲೆ," ಎಂದಳು ಪುಟ್ಟಲಕ್ಷ್ಮಿ.

"ಬರೆಸು ಮತ್ತೆ. ಕೊಡುಗೆ ಅಂತ."

ಅಷ್ಟರಲ್ಲಿ ನಾಗರಾಜು ಬಂದರು. ಕೋಚು ಕಂಬವನ್ನು ನೋಡುತ್ತಿರುವುದು ಕಂಡು ಅವರಿಗೆ ಖುಷಿಯಾಯಿತು.

"ಎಂಟು ವರ್ಷ ಆಯ್ತು ಸಾರ್. ಒಂದು ವೆಲ್ಡಿಂಗ್ ಬಿಟ್ಟಿಲ್ಲ."

"ವೆಲ್ಡಿಂಗ್ ಚೆನ್ನಾಗಿದೆ. ಎತ್ತರ ಎಷ್ಟು?"

"ಒಂಬತ್ತಡಿ ಸಾರ್. ಪೈಪು ಅಷ್ಟೇ ಇತ್ತು."

"ಹತ್ತಡಿ ಇರ್ಬೇಕು. ಅದಕ್ಕೇ ಇಲ್ಲಿ ದೂರದಿಂದ ಹಾರಿದ್ರೂ ಬೀಳುತ್ತೆ, ಅಲ್ಲಿ ಬೀಳಲ್ಲ. ಕಂಬ ಹಿಂದೆ ಇಟ್ಟು, ಬೋರ್ಡನ್ನ ಒಂದ್ ತೋಳು ಕೊಟ್ಟು ಮುಂದಕ್ಕೆ ತರ್ಬೇಕು, ನಾಲ್ಕಡಿ. ಇವಳು ಇನ್ಮೇಲೆ ಇಲ್ಲಿ ಆಡೋದ್ ಬೇಡ."

ನಾಗರಾಜು ಟೇಪು ತರಿಸಿ ತಾವೇ ಅಳೆದರು. ಒಂಬತ್ತಡಿಯೇ ಇತ್ತು.

ಸೋಮವಾರ ಬೆಳಿಗ್ಗೆ ಗ್ಯಾಸ್ ಕಟರ್ ತಂದು ಕಂಬವನ್ನು ಬುಡದಲ್ಲಿ ಕತ್ತರಿಸಿದರು.

"ಒಂದ್ ಮಾತು ಕೇಳ್ಬಾರ್ದಾ ಅಪ್ಪಾ?" ಎಂದಳು ಪುಟ್ಟಲಕ್ಷ್ಮಿ.

"ತಪ್ಪು ಮಾಡಿದ್ದು ನಾನು. ಸರಿ ಮಾಡೋದೂ ನಾನೇ. ಇನ್ನೊಂದ್ ವಾರದಲ್ಲಿ ಹತ್ತಡಿದು ನಿಲ್ಸ್ತೀನಿ."

ಬುಧವಾರ ತೋಳು ರೆಡಿಯಾಯಿತು. ಗುರುವಾರ ಅವರೂ ನಾಣಿಯೂ ಗುಂಡಿ ತೋಡಲು ಹೋದರು. ವಾಕಿಂಗ್ ಸಂಘದ ಕಾರ್ಯದರ್ಶಿ ವೆಂಕಟಗಿರಿ ಅಲ್ಲಿ ನಿಂತಿದ್ದರು. ಕಂಬ ಇದ್ದ ಜಾಗದಲ್ಲಿ ಕಲ್ಲಿನ ಬೆಂಚು ಇತ್ತು. ಬೆಂಚಿನ ಬೆನ್ನಿಗೆ 'ಕೊಡುಗೆ: ವೆಂಕಟಗಿರಿ ಮತ್ತು ಕುಟುಂಬ' ಎಂದು ಕೆತ್ತಿತ್ತು. ಆ ಕಲ್ಲು ಒಂದು ವರ್ಷದಿಂದ ಅವರ ಕಾಂಪೌಂಡಿನಲ್ಲಿ ಜಾಗಕ್ಕಾಗಿ ಕಾಯುತ್ತಿತ್ತು.

"ಕಂಬ ನಾಲ್ಕಡಿ ಹಿಂದಕ್ಕೆ ಹಾಕ್ತೀವಿ ಸ್ವಾಮಿ. ಬೆಂಚು ಸ್ವಲ್ಪ ಜರುಗಿಸ್ಬೇಕು," ಎಂದರು ನಾಗರಾಜು.

"ಪರ್ಮಿಷನ್ ಇದೆಯೇನ್ರೀ?"

"ಮುಂಚೆ ಇದ್ದದ್ದೇ ಅಲ್ವಾ?"

"ಇದ್ದದ್ದನ್ನ ಯಾರೂ ಕೇಳ್ತಿರ್ಲಿಲ್ಲ. ತೆಗೆದ್ರಲ್ಲ, ಈಗ ಹೊಸದು. ಹೊಸದಕ್ಕೆ ವಾರ್ಡ್ ಆಫೀಸಿಂದ ಲೆಟರ್ ಬೇಕು."

"ನಿಮ್ ಬೆಂಚಿಗೆ ಲೆಟರ್ ಇದ್ಯಾ ಅಂಕಲ್?" ಎಂದ ನಾಣಿ.

"ಬೆಂಚಿಗೆ ಯಾಕಪ್ಪ ಲೆಟರು? ಕೂತ್ಕೊಳ್ಳೋಕೆ ತಾನೆ?"

ನಾಗರಾಜು ಅರ್ಜಿ ಕೊಟ್ಟರು. ಅರ್ಜಿ ತೆಗೆದುಕೊಂಡವರು ನೋಡೋಣ ಎಂದರು.

ಪುಟ್ಟಲಕ್ಷ್ಮಿ ಕಾಲೇಜಿನ ಕೋರ್ಟಿನಲ್ಲಿ ದಿನಕ್ಕೆ ಇನ್ನೂರು ಸಲ ಓಡಿ ಹಾರಿದಳು. ಎಲ್ಲಿಂದ ಹಾರಬೇಕೆಂದು ಯೋಗಾನಂದ ಸೀಮೆಸುಣ್ಣದಲ್ಲಿ ಗೆರೆ ಎಳೆದಿದ್ದರು. ಗೆರೆ ಇದ್ದಾಗ ಬೀಳುತ್ತಿತ್ತು. ಅಳಿಸಿದರೆ ಕಾಲು ಮತ್ತೆ ಹಳೆಯ ಜಾಗದಿಂದಲೇ ಏಳುತ್ತಿತ್ತು.

ಪಂದ್ಯದಲ್ಲಿ ಗೆರೆ ಇರಲಿಲ್ಲ. ಮೊದಲ ಮೂರು ಚೆಂಡು ರಿಂಗಿನ ಮುಂದಂಚಿಗೆ ಬಡಿದವು. ನೋಡಲು ಬಂದಿದ್ದ ನಾಣಿ ಮೂರನೆಯದಕ್ಕೆ ಮುಖ ಮುಚ್ಚಿಕೊಂಡ. ಟೈಮ್‌ಔಟಿನಲ್ಲಿ ಯೋಗಾನಂದ ಅವಳಿಗೆ ನೀರೂ ಕೊಡಲಿಲ್ಲ.

"ಹೋಗಿ ಆ ಕಂಬ ಮುಟ್ಕೊಂಡ್ ಬಾ."

"ಸಾರ್?"

"ಎಲ್ಲಿದೆ ನೋಡು. ಮುಟ್ಟು. ಬಾ."

ಅವಳು ಹೋದಳು. ಎರಡೂ ಕಾಲೇಜಿನವರು ನೋಡುತ್ತಿದ್ದರು. ಕಂಬ ಕೋರ್ಟಿನ ಅಂಚಿನ ಗೆರೆಯಾಚೆ ದೂರದಲ್ಲಿತ್ತು; ಅದಕ್ಕೆ ನೀಲಿ ರೆಕ್ಸಿನಿನ ದಪ್ಪ ಹಾಸು ಸುತ್ತಿತ್ತು. ಒತ್ತಿ ನೋಡಿದಳು. ಮೆತ್ತಗಿತ್ತು.

"ಹೂಮಾಲೆ ಬೇಕಾ ಕಂಬಕ್ಕೆ?" ಎಂದು ಎದುರು ತಂಡದವಳೊಬ್ಬಳು ಕೂಗಿದಳು.

ಆಮೇಲಿನ ನಾಲ್ಕೂ ಬಿದ್ದವು. ಎಂಟನೆಯದು ಕೊನೆಯ ಕ್ಷಣದಲ್ಲಿ ಸಿಕ್ಕಿತು. ತಂಡ ಎರಡು ಪಾಯಿಂಟು ಹಿಂದಿತ್ತು. ಅವಳು ಡಿಫೆಂಡರನ್ನು ಸರಿಸಿ ನುಗ್ಗಿದಳು. ಈ ಸಲ ಹೆಜ್ಜೆ ಉದ್ದವಾಯಿತು. ರಿಂಗಿನ ನೇರ ಕೆಳಗೆ ಹೋಗಿ ಹಾರಿದಳು. ಚೆಂಡು ರಿಂಗಿನ ತಳಕ್ಕೆ ಬಡಿದು ಅವಳ ಹಣೆಗೇ ಬಿತ್ತು. ಆಟ ಮುಗಿದ ಸೀಟಿ ಕೇಳಿಸಿತು.

ಎಂಟರಲ್ಲಿ ನಾಲ್ಕು. ಯೋಗಾನಂದ ನೋಟ್‌ಬುಕ್ಕಿನಲ್ಲಿ ಎರಡು ಸಲ ಎಣಿಸಿ, ಅರ್ಧವೇ ಎಂದು ಖಚಿತ ಮಾಡಿಕೊಂಡು, ಫಾರಮ್ಮಿಗೆ ಸಹಿ ಹಾಕಿದರು.

"ಸೋತ್ವಲ್ಲ ಸಾರ್," ಎಂದಳು.

"ಅದು ಬೇರೆ ಕಾಲಮ್ಮು."

ಸಂಜೆ ಮನೆಗೆ ಬರುವಾಗ ಗ್ರೌಂಡಿನ ಮೂಲಕವೇ ಬಂದಳು. ಬೆಂಚಿನ ಮೇಲೆ ವೆಂಕಟಗಿರಿ ಕುಳಿತಿದ್ದರು. ಮಕ್ಕಳು ಇರಲಿಲ್ಲ. ಹತ್ತಡಿಯ ಹೊಸ ಕಂಬ ವರ್ಕ್‌ಶಾಪಿನ ಗೋಡೆಗೆ ಒರಗಿತ್ತು. ಅದರ ತೋಳಿಗೆ ನಾಣಿ ತನ್ನ ಟವೆಲ್ ಒಣಗಲು ಹಾಕಿದ್ದ.

ಅವಳ ಸೀಟು ಉಳಿಯಿತು. ಹೋದದ್ದು ಎರಡು ಪಾಯಿಂಟಿನಿಂದ ಒಂದು ಪಂದ್ಯ, ಒಂದು ಕಂಬ, ಒಂದು ರಿಂಗು, ಒಂಬತ್ತು ಮಕ್ಕಳ ಆಟ.