ಅಲ್ಲವ್ವ ಬಯಸಿದ ನಡುಗಡ್ಡೆ

ಎಡೆ ಇಟ್ಟು ಎಲ್ಲರೂ ಹಿಂದೆ ಸರಿದು ನಿಂತು ಬಹಳ ಹೊತ್ತಾಗಿತ್ತು. ಬಾಳೆ ಎಲೆಯ ಮೇಲೆ ಹೋಳಿಗೆ, ಅನ್ನ, ಬದನೆಕಾಯಿ ಪಲ್ಯ, ಪಕ್ಕದಲ್ಲಿ ಒಂದು ಲೋಟ ಹಾಲು. ಬದುಕಿದ್ದಾಗ ಅಲ್ಲವ್ವನ ಮುಂದೆ ಇಷ್ಟನ್ನು ಒಟ್ಟಿಗೆ ಯಾರೂ ಬಡಿಸಿದವರಲ್ಲ. ಹೊಳೆದಂಡೆಯ ಜಾಲಿಗಿಡದ ತುಂಬ ಕಾಗೆಗಳು ಕೂತಿದ್ದವು. ಒಂದೂ ಕೆಳಗಿಳಿಯಲೊಲ್ಲದು.

ಮೂರನೆಯ ದಿನದ ಎಡೆಯನ್ನು ಕಾಗೆ ಮುಟ್ಟದಿದ್ದರೆ ಸತ್ತವರಿಗೆ ಏನೋ ಆಸೆ ಉಳಿದಿದೆ ಎಂದೇ ಮಸಗುಪ್ಪಿ ಊರವರ ಲೆಕ್ಕ. ಅದು ಯಾವುದೆಂದು ಊಹಿಸಿ, ನಡೆಸಿಕೊಡುತ್ತೇವೆಂದು ಬಾಯಿಬಿಟ್ಟು ಹೇಳಬೇಕು.

"ಅಲ್ಲವ್ವಾ, ನಿನ್ನ ಆಕಳಾ ಮಾರೂದಿಲ್ಲ," ಎಂದ ಅವಳ ಗಂಡ ಮಾಳಪ್ಪ. ಕಾಗೆ ಕದಲಲಿಲ್ಲ. "ಮಗಳನ್ನ ಚಲೋ ನೋಡ್ಕೋತೇನಿ." ಊಹೂಂ.

ಆಸೆ ಯಾವುದೆಂದು ಮಗಳು ಮೇಘಾಗೆ ಗೊತ್ತಿತ್ತು. ಅಪ್ಪನಿಗೂ ಗೊತ್ತಿತ್ತು, ಸಂಕಟ ಇದ್ದದ್ದೇ ಅಲ್ಲಿ. ಬೆಳಗಾವಿಯ ಆಸ್ಪತ್ರೆಯಲ್ಲಿ ಮಲಗಿದ್ದಾಗ ಅಲ್ಲವ್ವ ಮಗಳ ಮೊಬೈಲಿನಲ್ಲಿ ಲಕ್ಷದ್ವೀಪದ ವಿಡಿಯೋ ನೋಡಿ ಮರುಳಾಗಿದ್ದಳು. ತೆಂಗು ತುಂಬಿದ ಸಣ್ಣ ಸಣ್ಣ ನಡುಗಡ್ಡೆಗಳು, ಜನವಿಲ್ಲ, ಗದ್ದಲವಿಲ್ಲ. ತಳಕ್ಕೆ ಗಾಜು ಕೂಡಿಸಿದ ದೋಣಿಯಲ್ಲಿ ಕೂತು ಮೀನು ನೋಡಬಹುದು, ಮೊಣಕಾಲುದ್ದ ನೀರಿನಲ್ಲಿ ಸುಮ್ಮನೆ ನಡೆಯಬಹುದು. ಹಿಡಕಲ್ ಡ್ಯಾಮಿನ ಬಾಜೂ ಹುಟ್ಟಿ ಬೆಳೆದರೂ ಅವಳು ನೀರಿಗಿಳಿದದ್ದು ಬಟ್ಟೆ ಒಗೆಯಲಿಕ್ಕಷ್ಟೇ. ಡಾಕ್ಟರು ಕೈಚೆಲ್ಲಿದ ದಿನ ಗಂಡನನ್ನು ಕೇಳಿಯೇಬಿಟ್ಟಳು.

"ಅಲ್ಲಿಗೆ ಒಮ್ಮೆ ಕರಕೊಂಡು ಹೋಗ್ತೀರೇನ್ರಿ?"

"ಅಲ್ಲಿ ಹೋಗಿ ಏನ್ ಮಾಡೂದೈತಿ?"

"ಏನೂ ಮಾಡೂದಿಲ್ರಿ. ಅದಕ್ಕ ಹೋಗೂದು."

ಮಾಳಪ್ಪ ನಕ್ಕ. ವಾರ್ಡಿಗೆಲ್ಲ ಕೇಳುವಂತೆ ನಕ್ಕ. ಅಲ್ಲವ್ವ ಮತ್ತೆ ಆ ಮಾತು ಎತ್ತಲಿಲ್ಲ, ಮೇಘಾ ಆ ನಗೆಯನ್ನು ಮರೆಯಲಿಲ್ಲ.

"ನನ್ನ ತಂಗಿ ಆಸೆ ನನಗ ಗೊತ್ತೈತಿ," ಎಂದು ಈಗ ಮುಂದೆ ಬಂದವನು ಅಲ್ಲವ್ವನ ಅಣ್ಣ ಭೀಮಶಿ. "ಮೇಘಾನ್ನ ನಮ್ಮ ಲಖನಗ ಕೊಡಬೇಕಂತ ಆಕಿ ಮನಸಿನ್ಯಾಗ ಇತ್ತು."

ಉರಿಯುವ ಮನೆಯಲ್ಲಿ ಗಳ ಹಿರಿಯುವುದೆಂದರೆ ಇದೇ. ಅವನ ಮಗ ಲಖನ, ಕುಡಿದು ಎರಡು ಸಲ ಟ್ರ್ಯಾಕ್ಟರನ್ನು ಕಾಲುವೆಗೆ ಇಳಿಸಿದ ಪುಣ್ಯಾತ್ಮ. ಗೋಕಾಕದಲ್ಲಿ ನರ್ಸಿಂಗ್ ಓದುವ ಮಗಳನ್ನು ಅವನಿಗೆ ಕೇಳಲು ಬಂದಾಗಲೆಲ್ಲ ಅಲ್ಲವ್ವ ಅಣ್ಣನಿಗೆ ಚಹಾ ಕುಡಿಸಿ ಬಾಗಿಲು ತೋರಿಸುತ್ತಿದ್ದಳು. ಈಗ ಬಾಗಿಲು ತೋರಿಸುವವಳೇ ಇಲ್ಲ.

ಹಿರಿಯರು ಹೌದೌದೆಂದು ತಲೆಯಾಡಿಸಿದರು. ಬಿಸಿಲು ಏರಿತ್ತು, ಎಲ್ಲರಿಗೂ ಮನೆ ಸೇರಿ ಉಣ್ಣುವ ಅವಸರ.

ಮೇಘಾ ಅಪ್ಪನ ಕಡೆ ತಿರುಗಿದಳು. "ಅಪ್ಪಾ, ಖರೆ ಹೇಳೋ. ಅವ್ವಗ ಆ ನಡುಗಡ್ಡಿ ನೋಡೂದಿತ್ತು. ನಿನ್ನ ಕೇಳಿದ್ಲು."

"ನಡುಗಡ್ಡಿ? ಸಾಯೂ ಮುಂದ ಟೂರ್ ಹೋಗೂ ಆಸೆ ಏನವಾ?" ಎಂದು ಸೋದರತ್ತೆ ಗುಡ್ಡವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಹಿಂದೆ ಯಾರೋ ಕಿಸಕ್ಕೆಂದರು.

ಎಲ್ಲರ ಕಣ್ಣು ಮಾಳಪ್ಪನ ಮೇಲೆ. ಹೌದು ಎಂದರೆ, ಸಾಯುವ ಹೆಂಡತಿಯ ಒಂದೇ ಒಂದು ಮಾತನ್ನು ನಕ್ಕು ತಳ್ಳಿದವನೆಂದು ಊರಿಗೆಲ್ಲ ತಿಳಿಯುತ್ತದೆ.

"ಹಂಗೇನಿಲ್ಲ," ಎಂದ ಅವನು ನೆಲ ನೋಡುತ್ತ. "ಹುಡುಗಿ ದುಃಖದಾಗ ಏನೇನೋ ಮಾತಾಡಾಕತ್ತಾಳ." ಆಮೇಲೆ ಎಡೆಯ ಕಡೆ ಕೈಮುಗಿದ. "ಮೇಘಾನ್ನ ಲಖನಗ ಕೊಡ್ತೇನಿ, ಅಲ್ಲವ್ವಾ. ಮುಟ್ಟು."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆದರೆ ಕಾಗೆ ಆಗಲೂ ಇಳಿಯಲಿಲ್ಲ.

ಭೀಮಶಿ ಅಷ್ಟಕ್ಕೆ ಬಿಡುವವನೇ? ದಂಡೆಯ ಕರಿಕೆ ಕಿತ್ತು, ತಿರುಚಿ ಗಂಟು ಹಾಕಿ, ಹುಲ್ಲಿನದೇ ಒಂದು ಕಾಗೆ ಮಾಡಿದ. ಅದರ ಕೊಕ್ಕನ್ನು ಹೋಳಿಗೆಗೆ ಮುಟ್ಟಿಸಿ ಎಲೆಯ ಮೇಲೆಯೇ ಬಿಟ್ಟ. ಕಾಗೆ ಬಾರದಾಗ ಹಾಗೆ ಮಾಡುವುದೂ ಪದ್ಧತಿಯೇ. "ಮುಟ್ಟಿತು," ಎಂದ. "ಮುಟ್ಟಿತು, ಮುಟ್ಟಿತು," ಎಂದರು ಹಿರಿಯರು. ಬದುಕಿರುವ ಹುಡುಗಿಯ ಮಾತು ನಡೆಯದ ಕಡೆ ಹುಲ್ಲಿನ ಕಾಗೆಯ ಸಾಕ್ಷಿ ನಡೆಯಿತು.

"ಯಾರೂ ತಿರುಗಿ ನೋಡಬ್ಯಾಡ್ರಿ," ಎಂದು ಗುಡ್ಡವ್ವ ಪದ್ಧತಿಯಂತೆ ಎಚ್ಚರಿಸಿದಳು. ಜನ ದಂಡೆ ಹತ್ತಿ ಹೊರಟರು.

ಮೇಘಾ ಹೋಗಲಿಲ್ಲ. ಎಡೆಯ ಹತ್ತಿರ ಕುಕ್ಕರುಗಾಲಿನಲ್ಲಿ ಕೂತಳು.

"ಅವ್ವಾ, ನಾ ಹೋಗ್ತೇನಿ. ಗಾಜಿನ ದೋಣ್ಯಾಗ ಕುಂಡ್ರತೇನಿ. ನೀರಾಗ ಅಡ್ಡಾಡ್ತೇನಿ. ಒಂದಿನಾ ಏನೂ ಮಾಡೂದಿಲ್ಲ, ಸುಮ್ನ ಇರ್ತೇನಿ."

ಎದ್ದು ನಾಲ್ಕು ಹೆಜ್ಜೆ ಹಿಂದೆ ಸರಿದಳು. ಜಾಲಿಗಿಡದಿಂದ ಒಂದು ಕಾಗೆ ಇಳಿದು ಬಂತು. ಹುಲ್ಲಿನ ಕಾಗೆಯನ್ನು ಕಾಲಿನಿಂದ ಸರಿಸಿ ಹೋಳಿಗೆಗೆ ಬಾಯಿ ಹಾಕಿತು.

"ಅಪ್ಪಾ! ಮುಟ್ಟಿತು! ನೋಡಿಲ್ಲೆ!"

ಎಲ್ಲರಿಗಿಂತ ಹಿಂದೆ ಹೋಗುತ್ತಿದ್ದ ಮಾಳಪ್ಪ ನಿಂತ, ತಿರುಗಿದ. ಎಡೆಯ ಮೇಲಿನ ಕಾಗೆಯನ್ನು ನೋಡಿದ. ಮಗಳ ಮುಖವನ್ನೂ ನೋಡಿದ. ಆಮೇಲೆ ಏನೂ ಕಾಣದವನಂತೆ, ಟವೆಲ್ಲಿನಿಂದ ಬಾಯಿ ಮುಚ್ಚಿಕೊಂಡು, ಭೀಮಶಿಯನ್ನು ಕೂಡಿಕೊಳ್ಳಲು ಬಿರಬಿರನೆ ನಡೆದ.