ಕಂಬಳಿಯಂಚಿನ ಗಂಟುಗಳು

ಉಮರ್ಗಾದಲ್ಲಿ ಒಂದು ಬಸ್ಸು, ನಿಲಂಗಾದಲ್ಲಿ ಇನ್ನೊಂದು. ಉದಗೀರ ಮುಟ್ಟುವಷ್ಟರಲ್ಲಿ ಜಗದೇವಿಯ ತೋಳು ಮರಗಟ್ಟಿತ್ತು. ಹೆಗಲ ಮೇಲೆ ನಾಲ್ಕು ವರ್ಷದ ಮಗಳು ಪ್ರಣಿತಾ. ಹುಟ್ಟಿದ ಆರನೆಯ ತಿಂಗಳಲ್ಲಿ ಜ್ವರದ ಜೊತೆ ಬಂದ ಫಿಟ್ಸ್ ಈಗ ಜ್ವರವಿಲ್ಲದೆಯೂ ಬರುತ್ತಿತ್ತು.

ಅಲ್ಲಿನ ದೊಡ್ಡ ದವಾಖಾನೆಯಲ್ಲಿ, ಬೀದರ ಕಡೆಯಿಂದ ಬಂದಿದ್ದ ಡಾಕ್ಟರಮ್ಮ ರಕ್ತದ ವರದಿ ಓದಿ ಕೇಳಿದರು: "ಝಟಕಾ ಎಷ್ಟ ಸಲ ಬಂದಾವ? ಬರದಿಟ್ಟೀಯೇನು?"

ಜಗದೇವಿಗೆ ಬರೆಯಲು ಬಾರದು. ಮಗುವಿಗೆ ಸುತ್ತಿದ್ದ ಕಂಬಳಿಯನ್ನು ಮೇಜಿನ ಮೇಲೆ ಹರಡಿದಳು. ಅಂಚಿನಲ್ಲಿ ವಾರಕ್ಕೊಂದು ಎಳೆ, ಫಿಟ್ಸಿಗೊಂದು ಗಂಟು. ನಡುವಿನ ಕೆಂಪು ದಾರ, ಎರಡು ವರ್ಷದ ಹಿಂದೆ ಊರ ದವಾಖಾನೆಯ ಗುಳಗಿ ಸುರುವಾದ ವಾರದ್ದು.

ದಾರಕ್ಕಿಂತ ಮೊದಲಿನ ಹೆಚ್ಚಿನ ಎಳೆಗಳು ಖಾಲಿ. ದಾರದ ನಂತರದ ಒಂದೊಂದರಲ್ಲೂ ನಾಲ್ಕೈದು ಗಂಟು.

"ಗುಳಗಿ ತಪ್ಪಿಸೀಯೇನು?"

"ಒಂದ ದಿನಾನೂ ಇಲ್ಲರೀ."

ಡಾಕ್ಟರಮ್ಮ ಕನ್ನಡಕ ತೆಗೆದರು. "ಮಿದುಳಿನ್ಯಾಗ ಓಡ್ಸೋ ನರಕೋಶ ಇರ್ತಾವ, ತಡಿಯೋವೂ ಇರ್ತಾವ. ಇಕಿಗೆ ಹುಟ್ಟಿದಾಗಿಂದ್ಲೇ ತಡಿಯೋವು ಸೋತಾವ. ಈ ಗುಳಗಿ ಬ್ಯಾರೆ ಫಿಟ್ಸಿಗೆ ಛಲೋ. ಇಕಿಗೆ ಮಾತ್ರ ಆ ತಡಿಯೋವನ್ನ ಇನ್ನಷ್ಟ ಮಲಗಸ್ತದ."

"ಕುರಿ ಚದರ್ಯಾವಂತ ನಾಯಿಗೇ ಬಡದಂಗಾತಲ್ಲರೀ."

"ಹೌದವ್ವ. ನಿನ್ನ ತಪ್ಪಲ್ಲ."

ತನ್ನ ತಪ್ಪಲ್ಲ, ಆದರೆ ಗುಳಗಿ ನುಂಗಿಸಿದ ಕೈ ತನ್ನದೇ.

ಹಳೆಯ ಗುಳಗಿ ಎರಡು ವಾರ ಅರ್ಧ, ಆಮೇಲೆ ಬಂದ್. ಹೊಸ ಔಷಧ ಬೇರೆ. ಫಿಟ್ಸ್ ಪೂರ್ತಿ ನಿಲ್ಲುತ್ತದೆಂದು ಡಾಕ್ಟರಮ್ಮ ಹೇಳಲಿಲ್ಲ.

ಐದನೆಯ ವಾರ, ತಮ್ಮೂರು ಮುರುಮದ ಮನೆಯಲ್ಲಿ, ಮಧ್ಯಾಹ್ನ ಮತ್ತೆ ಬಂತು. ಗಂಡ ಕುರಿಗಳ ಜೊತೆ ಲೋಹಾರಾ ಕಡೆ ಇದ್ದ. ಜಗದೇವಿ ಮಗುವನ್ನು ಮಗ್ಗುಲಾಗಿಸಿ ಮೊಬೈಲಿನ ಗಡಿಯಾರ ನೋಡಿದಳು. ಮೂರು ನಿಮಿಷಕ್ಕೆ ನಿಂತಿತು. ಅತ್ತೆ ಸರುಬಾಯಿ ಮಗುವಿನ ಹಣೆಗೆ ಬೀರಪ್ಪನ ಗುಡಿಯ ಅರಿಸಿನ ಭಂಡಾರ ಹಚ್ಚಿ, ಉಳಿದಿದ್ದ ಹಳೆಯ ಗುಳಗಿ ತಂದು ಚಾಚಿದಳು.

"ಎರಡ ವರ್ಸ ತಪ್ಪದಂಗ ನುಂಗಿಸಿದಾಕಿ, ಈಗ ದೊಡ್ಡ ಡಾಕ್ಟರ್ ಆದ್ಯಾ? ಹಾಕು."

ರೂಢಿಗೆ ಜಗದೇವಿಯ ಕೈ ತಾನಾಗಿ ಮುಂದೆ ಹೋಯಿತು. ಹಿಂದೆಳೆದು ಮಗುವಿನ ಕೆನ್ನೆಯ ಕೆಳಗಿಟ್ಟಳು.

"ಬ್ಯಾಡತ್ತಿ."

"ಪೋರಿಗೆ ಏನರ ಆದ್ರ?"

"ಇದನ್ನ ಕೊಟ್ಟೇ ಆಗ್ಯಾದ. ಎಳಿ ಮುಟ್ಟಿ ನೋಡ್ರಿ."

ಹೊಸ ಗಂಟು ಹಾಕಿ ಕಂಬಳಿ ಸರಿಸಿದಳು. ಮುದುಕಿಯ ಬೆರಳು ಎಳೆಯಿಂದ ಎಳೆಗೆ ಹೋಯಿತು: ಐದು, ನಾಲ್ಕು, ಎರಡು, ಎರಡು, ಒಂದು. ಮತ್ತೊಮ್ಮೆ ಮುಟ್ಟಿದಳು. ಗುಳಗಿಯನ್ನು ಸೆರಗಿನಲ್ಲಿ ಕಟ್ಟಿಕೊಂಡಳು.

"ನೀವ ಇಕಿ ಹತ್ತರ ಕೂಡ್ರಿ," ಎಂದಳು ಜಗದೇವಿ. "ನಾ ಸ್ವಲ್ಪ ಮಲಗ್ತೀನಿ."